ಡ್ರೀಮಾ ಲೆಸ್ಟರಳ ಬಾಕಿ ಉಳಿದಿದ್ದ ಆಟ

ಲಾರೆಲ್ ಫೋರ್ಕ್ ಕಣಿವೆಯಲ್ಲಿ ಈಗ ಇಪ್ಪತ್ತರಿಂದ ಐವತ್ತರ ಒಳಗಿರುವವರೆಲ್ಲ ಒಂದಲ್ಲ ಒಂದು ದಿನ ಡ್ರೀಮಾ ಲೆಸ್ಟರಳಿಂದ ಬೈಸಿಕೊಂಡವರೇ. ಮೂವತ್ತು ವರ್ಷದ ಹತ್ತಿರ ಅವಳು ಶಾಲೆಯ ಹಳದಿ ಬಸ್ಸು ಓಡಿಸಿದಳು. ಆರಡಿ ದಾಟಿದ ಆಳು. ಸೀಟನ್ನು ಪೂರ್ತಿ ಹಿಂದಕ್ಕೆ ಸರಿಸಿದರೂ ಮಂಡಿ ಸ್ಟೀರಿಂಗಿಗೆ ತಾಗುತ್ತಿತ್ತು. ಹಿಂದೆ ಯಾರಾದರೂ ಕಿತಾಪತಿ ಮಾಡಿದರೆ ತಿರುಗಿ ನೋಡುತ್ತಿರಲಿಲ್ಲ. ಕನ್ನಡಿಯಲ್ಲಿ ಒಮ್ಮೆ ಕಣ್ಣು ಬಿಟ್ಟರೆ ಬಸ್ಸಿಗೆ ಬಸ್ಸೇ ತೆಪ್ಪಗಾಗುತ್ತಿತ್ತು. ಗಂಡ ಆರ್ಲಿ ಕಲ್ಲಿದ್ದಲ ಗಣಿಯ ಧೂಳು ಎದೆಯಲ್ಲಿ ಕೂತು ತೀರಿಕೊಂಡ ಮೇಲೆ ಕೆಲಸ ಬಿಟ್ಟಳು. ಮಕ್ಕಳಿರಲಿಲ್ಲ. ಪಕ್ಕದ ಮನೆಯಲ್ಲಿ ತಂಗಿ ವಿಲೆಟ್ಟಾ. ಬೆಳಗಿನ ಕಾಫಿ ಒಬ್ಬಳ ಮನೆಯಲ್ಲಿ, ರಾತ್ರಿಯ ಬೇಯಿಸಿದ ಕಾಳು, ಜೋಳದ ರೊಟ್ಟಿ ಇನ್ನೊಬ್ಬಳ ಮನೆಯಲ್ಲಿ.

ಡ್ರೀಮಾ ಒಂದು ಕಾಲಕ್ಕೆ ಬ್ಯಾಸ್ಕೆಟ್‌ಬಾಲ್ ಆಡಿದವಳು ಎನ್ನುವುದು ಹಳಬರಿಗೆಲ್ಲ ಗೊತ್ತಿತ್ತು. ಯಾಕೆ ಬಿಟ್ಟಳು ಎನ್ನುವುದು ವಿಲೆಟ್ಟಾಗೆ ಮಾತ್ರ ಗೊತ್ತಿತ್ತು.

ಹೈಸ್ಕೂಲು ಮುಗಿಯುತ್ತಿದ್ದಂತೆ ಅವಳನ್ನು ಓಹಾಯೋ ನದಿಯಾಚೆಯ ಒಂದು ದೊಡ್ಡ ವಿಶ್ವವಿದ್ಯಾಲಯ ಕರೆದುಕೊಂಡು ಹೋಗಿತ್ತು. ಓದಿನ ಖರ್ಚೆಲ್ಲ ಅವರದೇ. ಕಣಿವೆಯಿಂದ ಹಾಗೆ ಹೋದ ಮೊದಲ ಹುಡುಗಿ ಅವಳು. ಎರಡು ವರ್ಷ ಆಡಿದಳು. ಎರಡನೆಯ ವರ್ಷದ ಚಳಿಗಾಲದಲ್ಲಿ ಗಣಿಯ ಚಾವಣಿ ಕುಸಿದು ಅಪ್ಪನ ಸೊಂಟ ಮುರಿಯಿತು. ಅವ್ವ ಒಬ್ಬಳೇ ಅವನನ್ನು ಎತ್ತಿ ಕೂರಿಸಲಾರಳು. ಡ್ರೀಮಾ ದೊಡ್ಡ ಕಾಲೇಜು ಬಿಟ್ಟು ಊರ ಪಕ್ಕದ ಲಾರೆಲ್ ಫೋರ್ಕ್ ಕಾಲೇಜಿಗೆ ಬಂದು ಸೇರಿದಳು. ಇಲ್ಲೂ ತಂಡವಿತ್ತು, ಅಂಗಳವಿತ್ತು. ಆದರೆ ಕಾಲೇಜು ಕ್ರೀಡಾ ಸಂಘದ ನಿಯಮವೊಂದಿತ್ತು: ಕಾಲೇಜು ಬದಲಿಸಿದವರು ಒಂದು ವರ್ಷ ಆಡುವಂತಿಲ್ಲ, ಸುಮ್ಮನೆ ಕೂತಿರಬೇಕು. ಹೊಸ ಜಾಗದಲ್ಲಿ ಓದಿನ ಕಡೆಗೆ ಗಮನ ಇರಲಿ ಎಂದು ಹಾಗೆ ಮಾಡಿದ್ದೇವೆ ಎಂದರು. ಅಪ್ಪನ ಕಾರಣ ಹೇಳಿ ಕೋಚ್ ಎರಡು ಸಲ ಕೇಳಿಕೊಂಡರು. ಆಗುವುದಿಲ್ಲ ಎಂದು ಉತ್ತರ ಬಂತು.

ಡ್ರೀಮಾ ಕೂತಳು. ತಂಡದ ಹುಡುಗಿಯರು ಆಡುವಾಗ ಬೆಂಚಿನ ತುದಿಯಲ್ಲಿ ಮನೆಯ ಬಟ್ಟೆಯಲ್ಲೇ ಕೂತಿರುತ್ತಿದ್ದಳು. ವರ್ಷ ಮುಗಿಯುವ ಹೊತ್ತಿಗೆ ಅಪ್ಪನ ಪರಿಹಾರದ ಹಣ ನಿಂತಿತ್ತು, ಮನೆಗೆ ಸಂಬಳ ಬೇಕಿತ್ತು. ಬಸ್ಸಿನ ಕೆಲಸ ಸಿಕ್ಕಿತು. ಆಮೇಲೆ ಅವಳು ಚೆಂಡು ಮುಟ್ಟಲಿಲ್ಲ. ಬೇರೆಯವರ ಮುಂದೆ ಆಟದ ಮಾತು ಬಂದರೆ ಎದ್ದು ಪಾತ್ರೆ ತೊಳೆಯಲು ಹೋಗುತ್ತಿದ್ದಳು.

ಅವಳಿಗೆ ಅರವತ್ತೊಂದು ತುಂಬಿದ ಚಳಿಗಾಲದಲ್ಲಿ ನಮ್ಮ ಕಡೆಯ ಶಾಸಕ ಕ್ಲಾಡ್ ರೈಫ್ ಮನೆಗೆ ಬಂದ. ಅವನೂ ಚಿಕ್ಕಂದಿನಲ್ಲಿ ಅವಳ ಬಸ್ಸಿನಲ್ಲಿ ಹೋದವನೇ; ಅವಳು ಆಟ ಬಿಟ್ಟ ಕಥೆಯನ್ನು ವಿಲೆಟ್ಟಾ ಅವನಿಗೆ ಹೇಳಿದ್ದಳು. ನಮ್ಮ ರಾಜ್ಯದ ರಾಜಧಾನಿ ಚಾರ್ಲ್ಸ್‌ಟನ್ನಿನಲ್ಲಿ ಹೊಸ ಮಸೂದೆಯೊಂದು ಚರ್ಚೆಗೆ ಬರುತ್ತಿತ್ತು. ಕಾಲೇಜು ಆಟಗಾರರಿಗೆ ಅವರ ಹೆಸರು, ಮುಖದಿಂದ ಬರುವ ಸಂಪಾದನೆ ಅವರದೇ. ಕಾಲೇಜು ಬದಲಿಸಿದರೆಂದು ಯಾರನ್ನೂ ಕೂರಿಸುವಂತಿಲ್ಲ. ಅವರ ಪರವಾಗಿ ವ್ಯವಹಾರ ಕುದುರಿಸುವ ದಲ್ಲಾಳಿಗಳು ಸರಕಾರದಲ್ಲಿ ಹೆಸರು ನೋಂದಾಯಿಸಬೇಕು, ಇಷ್ಟಕ್ಕಿಂತ ಹೆಚ್ಚು ಪಾಲು ತೆಗೆಯುವಂತಿಲ್ಲ. ನ್ಯಾಯಾಲಯಗಳು ಒಂದೊಂದು ಕಡೆ ಒಂದೊಂದು ಹೇಳುತ್ತಿವೆ, ನಮ್ಮ ರಾಜ್ಯದ್ದು ಅಂತ ಒಂದು ಕಾನೂನು ಬೇಕು, ಸಮಿತಿಯ ಮುಂದೆ ನೀನು ಮಾತಾಡಬೇಕು ಎಂದು ಕ್ಲಾಡ್ ಕೇಳಿದ. ಡ್ರೀಮಾ ಒಪ್ಪಲಿಲ್ಲ.

ವಿಲೆಟ್ಟಾ ಕಾಫಿ ಲೋಟ ಕೆಳಗಿಟ್ಟು, "ನಲವತ್ತು ವರ್ಷದಿಂದ ನನ್ನ ಹತ್ರ ಒಬ್ಳ ಹತ್ರಾನೇ ಗೊಣಗ್ತಿದ್ದೀಯಲ್ಲಕ್ಕ, ಒಂದು ಸಲ ಕೇಳೋಕೆ ಅಂತ ಸಂಬಳ ತಗೊಳೋರ ಹತ್ರ ಹೋಗಿ ಗೊಣಗು" ಅಂದಳು.

ವಿಧಾನಭವನದ ಚಿನ್ನದ ಗುಮ್ಮಟದ ಒಳಗೆ ಡ್ರೀಮಾ ಕಾಲಿಟ್ಟದ್ದು ಅದೇ ಮೊದಲು. ಮೇಲೆ ನೋಡಿದಳು. ಅಷ್ಟೆತ್ತರದಿಂದ ಒಂದೇ ಸರಪಳಿಗೆ ಜೋತುಬಿದ್ದ ಹರಳಿನ ದೀಪಗೊಂಚಲು, ಒಂದು ಬಸ್ಸಿನಷ್ಟು ಭಾರ ಇದ್ದೀತು. ಅದರ ಕೆಳಗೆ ಜನ ಕಾಗದ ಹಿಡಿದು ಮಾತಾಡಿಕೊಂಡು ಓಡಾಡುತ್ತಿದ್ದರು, ಒಬ್ಬರೂ ತಲೆಯೆತ್ತಿ ನೋಡುತ್ತಿರಲಿಲ್ಲ. ಕ್ಲಾಡ್ ತೋಳು ಹಿಡಿದು ಕರೆದುಕೊಂಡು ಹೋಗದಿದ್ದರೆ ಅವಳು ಅಲ್ಲೇ ನಿಂತುಬಿಡುತ್ತಿದ್ದಳೋ ಏನೋ.

ಸಮಿತಿಯ ಮುಂದೆ ಕಾಲೇಜುಗಳ ಪರವಾಗಿ ಒಬ್ಬ ವಕೀಲ ಮೊದಲು ಮಾತಾಡಿದ. ಮನಸ್ಸು ಬಂದ ಕಡೆಗೆ ಹಾರಿಹೋಗುವ ಮಕ್ಕಳು ಪದವಿ ಮುಗಿಸುವುದಿಲ್ಲ, ಆ ಒಂದು ವರ್ಷ ಕೂರಿಸುವುದು ಅವರ ಒಳ್ಳೆಯದಕ್ಕೇ ಎಂದು ಸಾವಧಾನವಾಗಿ ಹೇಳಿದ. ಕೆಟ್ಟ ಮನುಷ್ಯನೇನಲ್ಲ, ತಾನು ಹೇಳುವುದನ್ನು ನಂಬಿದ್ದ. ಆಮೇಲೆ ಡ್ರೀಮಾಳ ಸರದಿ. ಮೈಕು ಅವಳ ಎದೆಮಟ್ಟಕ್ಕಿತ್ತು, ಯಾರೋ ಬಂದು ಎತ್ತರಿಸಿದರು. ಅಪ್ಪನ ಸೊಂಟದ ವಿಷಯ ಹೇಳಿದಳು. ದೊಡ್ಡ ಕಾಲೇಜಿನಲ್ಲಿದ್ದಾಗ ಊರಿನ ಕಿರಾಣಿ ಅಂಗಡಿಯವನು ಅವಳ ಚಿತ್ರವನ್ನು ಕಿಟಕಿಗೆ ಅಂಟಿಸಿಕೊಂಡು, ಅದಕ್ಕೆಂದು ಅವ್ವನಿಗೆ ಒಂದು ಚೀಲ ಗೋಧಿಹಿಟ್ಟು ಕಳಿಸಿದ್ದು, ಆಟಗಾರರು ಯಾರಿಂದಲೂ ಏನೂ ಪಡೆಯುವಂತಿಲ್ಲ ಎಂಬ ಆಗಿನ ನಿಯಮದವರಿಗೆ ಅದು ಹೇಗೋ ಗೊತ್ತಾಗಿ ಹಿಟ್ಟನ್ನು ಹಿಂದಿರುಗಿಸುವ ತನಕ ಅವಳನ್ನು ಆಡಿಸದೆ ನಿಲ್ಲಿಸಿದ್ದು, ಅದನ್ನೂ ಹೇಳಿದಳು.

"ಹಿಟ್ಟು ವಾಪಸ್ ಕೊಟ್ರಾ ಮೇಡಂ?" ಎಂದು ಒಬ್ಬ ಸದಸ್ಯ ಕೇಳಿದ.

"ತಿಂದಾಗಿತ್ತು ಸ್ವಾಮಿ. ಅವ್ವ ಪಕ್ಕದ ಮನೆಯಿಂದ ಸಾಲ ತಂದು ವಾಪಸ್ ಕೊಟ್ಲು."

ನಗು ಎದ್ದಿತು. ನಗು ನಿಂತ ಮೇಲೆ ಅವಳು ವಕೀಲನ ಕಡೆಗೆ ತಿರುಗಿದಳು. "ಓದಲಿ ಅಂತ ಕೂರಿಸ್ತೀವಿ ಅಂದ್ರಿ ನೀವು. ನಾನು ಕೂತೆ. ಏಳು ಅಂತ ಮಾತ್ರ ಯಾರೂ ಹೇಳ್ಲಿಲ್ಲ." ಇನ್ನೊಂದು ಮಾತು ಸೇರಿಸಿದಳು: "ದುಡ್ಡು ಬರಲಿ ಮಕ್ಕಳಿಗೆ, ನಂಗೇನು ಹೊಟ್ಟೆಕಿಚ್ಚಿಲ್ಲ. ಆದ್ರೆ ದುಡ್ಡು ಬಂದ ಕಡೆ ಅದರ ಹಿಂದೆ ಬರೋರೂ ಇರ್ತಾರೆ. ಅವರನ್ನೂ ಸ್ವಲ್ಪ ಕನ್ನಡೀಲಿ ನೋಡ್ತಿರಿ."

ಒಂದಷ್ಟು ತಿದ್ದುಪಡಿಯಾಗಿ ಆ ಮಸೂದೆ ವಸಂತಕಾಲದಲ್ಲಿ ಪಾಸಾಯಿತು. ಆದರೆ ಡ್ರೀಮಾಳ ಬದುಕು ತಿರುಗಿದ್ದು ಆ ದಿನವೇ, ಸಭೆ ಮುಗಿದು ಹೊರಗೆ ಬಂದಾಗ. ಗೋಡೆಗೊರಗಿ ಒಬ್ಬಳು ಕಾಯುತ್ತಿದ್ದಳು. ನಲವತ್ತರ ಆಸುಪಾಸು, ಕರಿಯ ಹೆಂಗಸು, ಕೊರಳಲ್ಲಿ ಸೀಟಿ. ಹೆಸರು ಒರೀತಾ ಬ್ರಾಕ್ಸ್ಟನ್. ಈಗ ಲಾರೆಲ್ ಫೋರ್ಕ್ ಕಾಲೇಜಿನ ತಂಡದ ಕೋಚ್. ಅವಳು ಕೇಳಿದ್ದು ಒಂದೇ ಪ್ರಶ್ನೆ: ಒಟ್ಟು ಎಷ್ಟು ಸೆಮಿಸ್ಟರ್ ಓದಿದಿರಿ? ಆರು ಎಂದಳು ಡ್ರೀಮಾ.

"ದೊಡ್ಡ ಕಾಲೇಜುಗಳಲ್ಲಿ ಸೇರಿದ ದಿನದಿಂದ ಆಡೋ ಅವಧಿಯ ಗಡಿಯಾರ ಓಡುತ್ತೆ" ಎಂದಳು ಕೋಚ್. "ನಮ್ಮಂಥ ಸಣ್ಣ ಕಾಲೇಜುಗಳ ಕೂಟದಲ್ಲಿ ಹಂಗಲ್ಲ. ಓದಿದ ಸೆಮಿಸ್ಟರ್ ಮಾತ್ರ ಲೆಕ್ಕಕ್ಕೆ, ಹತ್ತು ಮುಗಿಯೋವರೆಗೂ ಆಡಬಹುದು. ವಯಸ್ಸಿನ ಮಾತೇ ಇಲ್ಲ. ಮಿಸ್ ಡ್ರೀಮಾ, ನಿಮ್ಮ ಆಟ ಇನ್ನೂ ಬಾಕಿ ಇದೆ."

ಡ್ರೀಮಾ ತಮಾಷೆ ಎಂದುಕೊಂಡಳು. ವಾಪಸ್ ಬರುವಾಗ ಕಾರಿನಲ್ಲಿ, ಜೊತೆಗೆ ಬಂದಿದ್ದ ವಿಲೆಟ್ಟಾ ರೇಡಿಯೋ ಹಾಕಿದರೆ ಆರಿಸಿದಳು. ಮನೆಯ ತಿರುವಿನಲ್ಲಿ, "ಓಡೋಕೇ ಆಗಲ್ವಲ್ಲೇ ನನಗೆ" ಅಂದಳು. ಆಗಲೇ ವಿಲೆಟ್ಟಾಗೆ ಗೊತ್ತಾಯಿತು, ಅಕ್ಕ ಹೋಗುತ್ತಾಳೆ ಅಂತ.

ಬೇಸಿಗೆಯಿಡೀ ಡ್ರೀಮಾ ರೈಲುಹಳಿಯ ಪಕ್ಕದ ದಾರಿಯಲ್ಲಿ ನಡೆದಳು, ಆಮೇಲೆ ಓಡಿದಳು; ಅದನ್ನು ಓಟ ಎನ್ನಬಹುದಾದರೆ. ಡಾಕ್ಟರು ಹೃದಯ ನೋಡಿ ಪರವಾಗಿಲ್ಲ ಎಂದರು, ಮಂಡಿ ನೋಡಿ ತಲೆಯಾಡಿಸಿದರು, ಕೊನೆಗೆ ಸಹಿ ಹಾಕಿದರು. ಆಡಬೇಕಾದರೆ ಪೂರ್ತಿ ವಿದ್ಯಾರ್ಥಿಯಾಗಿರಬೇಕು, ಪಾಸೂ ಆಗುತ್ತಿರಬೇಕು. ಹಾಗಾಗಿ ಆಗಸ್ಟಿನಲ್ಲಿ ಅವಳು ಬೀಜಗಣಿತ, ಇತಿಹಾಸ, ಇಂಗ್ಲಿಷು, ಭೂವಿಜ್ಞಾನ ತೆಗೆದುಕೊಂಡು ತನ್ನದೇ ಬಸ್ಸಿನಲ್ಲಿ ಬಂದಿದ್ದ ಮಕ್ಕಳ ಮಕ್ಕಳ ನಡುವೆ ಕೂತಳು.

ಮೊದಲ ದಿನದ ಅಭ್ಯಾಸವನ್ನು ಅವಳು ಎಂದೂ ಮರೆಯಲಿಲ್ಲ. ತನ್ನ ಕಾಲದ ಆಟವನ್ನೇ ಮನಸ್ಸಿನಲ್ಲಿ ಇಟ್ಟುಕೊಂಡು ಹೋಗಿದ್ದಳು. ಅಲ್ಲಿ ಕಂಡದ್ದು ಬೇರೆ. ಈ ಹುಡುಗಿಯರು ಎರಡೂ ಕೈಯಲ್ಲಿ ಚೆಂಡು ಆಡಿಸುತ್ತಿದ್ದರು, ನೋಡದೆಯೇ ಹಿಂದಕ್ಕೆ ಎಸೆಯುತ್ತಿದ್ದರು, ಹಿಡಿಯಲು ಒಬ್ಬಳು ಆಗಲೇ ಅಲ್ಲಿರುತ್ತಿದ್ದಳು. ಅಂಗಳದ ಅರ್ಧದಿಂದ ಎಸೆದ ಚೆಂಡು ಬಲೆಯನ್ನು ಸದ್ದಿಲ್ಲದೆ ದಾಟುತ್ತಿತ್ತು. ಡ್ರೀಮಾ ಬಾಯಿ ತೆರೆದು ನಿಂತಳು. ಒಂದು ಚೆಂಡು ಬಂದು ಅವಳ ಭುಜಕ್ಕೆ ಬಡಿಯಿತು.

"ಮ್ಯಾಮಾ, ಇದು ಸಿನಿಮಾ ಅಲ್ಲ, ಚೆಂಡು ಹಿಡೀರಿ" ಎಂದು ಒಬ್ಬಳು ಕೂಗಿದಳು. ಮ್ಯಾಮಾ ಎಂದರೆ ನಮ್ಮ ಕಡೆ ಅಜ್ಜಿ. ಆ ದಿನದಿಂದ ತಂಡಕ್ಕೆಲ್ಲ ಅವಳು ಮ್ಯಾಮಾ ಆದಳು.

ಹಾಗೆ ಕೂಗಿದವಳು ಜನೇ ಪ್ರೂಯಿಟ್. ಇಪ್ಪತ್ತೊಂದರ ಹುಡುಗಿ, ಇದು ಅವಳ ಮೂರನೆಯ ಕಾಲೇಜು. ಮೊದಲನೆಯದರಲ್ಲಿ ಕೋಚ್ ಬದಲಾದರು, ಎರಡನೆಯದರಲ್ಲಿ ಆಡಿಸಲೇ ಇಲ್ಲ, ಇಲ್ಲಿಗೆ ಬಂದಳು. ಬಂದ ತಿಂಗಳಲ್ಲೇ ಅಂಗಳಕ್ಕಿಳಿದಳು. ಅದನ್ನು ಅವಳು ಊಟದ ಸಾಲು ಬದಲಿಸಿದಷ್ಟು ಸಲೀಸಾಗಿ ಹೇಳುತ್ತಿದ್ದಳು. ಡ್ರೀಮಾ ತನಗೆ ಸಿಟ್ಟು ಬರುತ್ತದೆ ಎಂದು ಕಾದಳು. ಬರಲಿಲ್ಲ. ಬಂದದ್ದು ಬೆರಗು. ಈ ಹುಡುಗಿಗೆ ಬಾಗಿಲು ಮುಚ್ಚಿರುವುದೇ ಗೊತ್ತಿಲ್ಲವಲ್ಲ ಎಂಬ ಬೆರಗು.

ಜನೇ ಓಡುವಾಗ ಅವಳ ಕಾಲು ನೆಲಕ್ಕೆ ತಾಗುವುದು ಕೇಳಿಸುತ್ತಿರಲಿಲ್ಲ. ಅವಳ ಆಟದ ತುಣುಕುಗಳನ್ನು ಫೋನಿನಲ್ಲಿ ಸಾವಿರಾರು ಜನ ನೋಡುತ್ತಿದ್ದರು, ಊರಿನ ಕಾರು ಅಂಗಡಿಯವನು ಅವಳ ಮುಖ ಹಾಕಿ ಜಾಹೀರಾತು ಮಾಡಿದ್ದ. ಅಕ್ಟೋಬರಿನಲ್ಲಿ ಮಂಡಿನೋವಿನ ಮುಲಾಮು ಮಾರುವವನೊಬ್ಬ ಡ್ರೀಮಾಳನ್ನೂ ಹುಡುಕಿಕೊಂಡು ಬಂದ. ಅವಳು ಕಾಲೇಜಿನ ಕಚೇರಿಗೆ ಹೋಗಿ ಇದನ್ನು ಯಾರಿಗೆ ಹೇಳಬೇಕು, ತಪ್ಪೇನಾದರೂ ಇದೆಯೇ ಎಂದು ಮೂರು ಸಲ ವಿಚಾರಿಸಿದಳು. ಏನೂ ತಪ್ಪಿಲ್ಲ, ನಮಗೆ ತಿಳಿಸಿದರೆ ಸಾಕು ಎಂದರು. ಚೆಕ್ಕು ಬಂತು. ಜೊತೆಗೆ ಒಂದು ಡಬ್ಬ ಮುಲಾಮು. ಚೆಕ್ಕನ್ನು ಅವಳು ಎರಡು ದಿನ ಅಡುಗೆಮನೆಯ ಮೇಜಿನ ಮೇಲೆ ಇಟ್ಟುಕೊಂಡು ಹೋಗುತ್ತಾ ಬರುತ್ತಾ ನೋಡಿದಳು. ಮುಲಾಮು ಮಾತ್ರ ಉಪಯೋಗಕ್ಕೆ ಬರಲಿಲ್ಲ, ಬರೀ ಪುದೀನ ವಾಸನೆ ಎಂದು ವಿಲೆಟ್ಟಾ ಊರೆಲ್ಲ ಹೇಳಿಕೊಂಡು ಬಂದಳು.

ನವೆಂಬರಿನಲ್ಲಿ ಹೊರಗಿನ ಊರೊಂದರಲ್ಲಿ ಆಡಿ ತಂಡ ಬಸ್ಸಿನಲ್ಲಿ ಹಿಂದಿರುಗುತ್ತಿತ್ತು. ಜನೇ ಬಂದು ಪಕ್ಕದಲ್ಲಿ ಕೂತಳು. ಮೆಲ್ಲಗೆ ಹೇಳಿದಳು. ಎರಡನೆಯ ಕಾಲೇಜಿನಲ್ಲಿದ್ದಾಗ ಒಬ್ಬ ದಲ್ಲಾಳಿ ಅವಳಿಂದ ಸಹಿ ಹಾಕಿಸಿಕೊಂಡಿದ್ದ. ಅವಳ ಹೆಸರಿನಿಂದ ಬರುವುದರಲ್ಲಿ ಮೂರರಲ್ಲಿ ಒಂದು ಪಾಲು ಅವನಿಗೆ. ಕಾಲೇಜು ಮುಗಿದ ಮೇಲೂ ಹತ್ತು ವರ್ಷ ಅವನಿಗೆ. ಕಾರು ಅಂಗಡಿಯ ದುಡ್ಡಿನಲ್ಲಿ ತನ್ನ ಪಾಲು ಎಲ್ಲಿ ಎಂದು ಅವನೀಗ ಫೋನು ಮಾಡುತ್ತಿದ್ದ.

"ಅಮ್ಮಂಗೆ ಹೇಳಿದ್ಯಾ?" ಎಂದು ಡ್ರೀಮಾ ಕೇಳಿದಳು.

"ಅಮ್ಮನೇ ಮ್ಯಾಮಾ, ಅವನು ಒಳ್ಳೆಯವನ ಥರ ಕಾಣ್ತಾನೆ ಸಹಿ ಹಾಕು ಅಂದಿದ್ದು. ಹೇಳಿದ್ರೆ ಅವಳು ಅತ್ತುಬಿಡ್ತಾಳೆ."

ಮಾರನೆಯ ದಿನವೇ ಡ್ರೀಮಾ ಅವಳನ್ನು ಕ್ಲಾಡ್ ರೈಫನ ಕಚೇರಿಗೆ ಕರೆದುಕೊಂಡು ಹೋದಳು. ಕ್ಲಾಡ್ ಅವರನ್ನು ರಾಜ್ಯದ ವಕೀಲರ ಕಚೇರಿಗೆ ಕಳಿಸಿದ. ಅಲ್ಲಿ ಕನ್ನಡಕದ ಹೆಂಗಸೊಬ್ಬಳು ಕರಾರು ಪೂರ್ತಿ ಓದಿ, ಈ ದಲ್ಲಾಳಿ ನೋಂದಾಯಿಸಿಕೊಂಡಿಲ್ಲ, ಕೇಳುತ್ತಿರುವ ಪಾಲು ಕಾನೂನಿನ ಮಿತಿ ಮೀರಿದೆ, ಈ ರಾಜ್ಯದಲ್ಲಿ ಇದು ನಿಲ್ಲುವುದಿಲ್ಲ ಎಂದಳು. ಅವನಿಗೊಂದು ನೋಟಿಸು ಹೋಯಿತು. ಫೋನುಗಳು ನಿಂತವು.

ಡ್ರೀಮಾಗೆ ಅದನ್ನು ನಂಬಲು ಕೆಲವು ದಿನ ಬೇಕಾಯಿತು. ಆ ಗುಮ್ಮಟದ ಕೆಳಗೆ ತಾನು ನಿಂತು ಆಡಿದ ಮಾತು, ಇನ್ನೂ ಯಾರ್ಯಾರೋ ಆಡಿದ ಮಾತು, ಕೈಯೆತ್ತಿ ಎಣಿಸಿದ ಮತ, ಎಲ್ಲ ಸೇರಿ ಹೀಗೆ ಬಂದು ಒಬ್ಬ ಹುಡುಗಿಯ ಬೆನ್ನಿಗೆ ನಿಂತಿತ್ತು. ಸರಕಾರ ಎಂದರೆ ಅವಳ ಪಾಲಿಗೆ ಆವರೆಗೆ ಅಪ್ಪನ ಪರಿಹಾರ ನಿಲ್ಲಿಸಿದವರು, ಆರ್ಲಿಯ ಎದೆಯ ಎಕ್ಸ್‌ರೇ ನೋಡಿ ಇದು ಗಣಿಯ ಧೂಳಲ್ಲ ಎಂದವರು. ಅದಕ್ಕೆ ಇಂಥ ಕೈಯೂ ಇದೆ ಎಂದು ಗೊತ್ತಿರಲಿಲ್ಲ.

ಅದೇ ತಿಂಗಳಲ್ಲಿ ಭೂವಿಜ್ಞಾನದ ಮೇಷ್ಟ್ರು ಕಲ್ಲಿದ್ದಲಿನ ಪಾಠ ಮಾಡಿದರು. ಈ ಬೆಟ್ಟಗಳ ಕೆಳಗಿರುವುದೆಲ್ಲ ಒಂದು ಕಾಲಕ್ಕೆ ಕಾಡು. ಮನೆಯೆತ್ತರದ ಜರಿಗಿಡಗಳ, ಜೌಗಿನ ಕಾಡು. ಆಗ ಈ ನೆಲ ಇದ್ದದ್ದು ಇಲ್ಲಲ್ಲ, ಭೂಮಧ್ಯರೇಖೆಯ ಹತ್ತಿರ. ಮೂವತ್ತು ಕೋಟಿ ವರ್ಷದ ಹಿಂದಿನ ಬಿಸಿಲನ್ನು ನಿಮ್ಮ ಅಪ್ಪಂದಿರು ಅಗೆದು ತಂದರು ಎಂದರು. ಡ್ರೀಮಾಳ ಪೆನ್ನು ನಿಂತುಬಿಟ್ಟಿತು. ಅಪ್ಪ, ಗಂಡ, ಇಬ್ಬರು ಮಾವಂದಿರು, ಎಲ್ಲರೂ ಅದರೊಳಗೇ ಬದುಕಿದವರು, ಅದರೊಳಗೇ ಸವೆದವರು. ಒಬ್ಬರೂ ಇದನ್ನು ಹೇಳಿರಲಿಲ್ಲ. ಅವರಿಗೆ ಯಾರು ಹೇಳಿದ್ದರು! ತರಗತಿ ಮುಗಿದರೂ ಅವಳು ಎದ್ದಿರಲಿಲ್ಲ. ಆಡಲು ಬೇಕೆಂದು ತೆಗೆದುಕೊಂಡ ವಿಷಯವದು.

ಆಟದ ವಿಷಯಕ್ಕೆ ಬಂದರೆ, ಅವಳು ಆ ಚಳಿಗಾಲವಿಡೀ ಬೆಂಚಿನಲ್ಲೇ ಇದ್ದಳು. ಈ ಸಲ ತಂಡದ ಬಟ್ಟೆಯಲ್ಲಿ, ಅಷ್ಟೇ ವ್ಯತ್ಯಾಸ. ಅದಕ್ಕೆ ಅವಳಿಗೆ ಬೇಸರವಿರಲಿಲ್ಲ. ತನಗಿಂತ ಹತ್ತು ಪಟ್ಟು ಚೆನ್ನಾಗಿ ಆಡುವವರು ಆಡುತ್ತಿದ್ದಾರೆ, ಅದು ನ್ಯಾಯವೇ ಎನ್ನುತ್ತಿದ್ದಳು. ಫೆಬ್ರವರಿಯಲ್ಲಿ ಪಕ್ಕದ ಜಿಲ್ಲೆಯ ಕಾಲೇಜಿನ ಜೊತೆ ಊರಿನ ಅಂಗಳದಲ್ಲಿ ಆಟವಿತ್ತು. ತಂಡದಲ್ಲಿ ಮೂವರು ಜ್ವರ ಬಂದು ಮಲಗಿದ್ದರು. ಎರಡನೆಯ ಅರ್ಧದಲ್ಲಿ ಇಬ್ಬರು ಐದೈದು ಫೌಲಾಗಿ ನಿಯಮದಂತೆ ಹೊರಬಿದ್ದರು. ಕೋಚ್ ಬ್ರಾಕ್ಸ್ಟನ್ ಬೆಂಚಿನ ಉದ್ದಕ್ಕೂ ಕಣ್ಣಾಡಿಸಿದಳು. ಅಲ್ಲಿ ಉಳಿದಿದ್ದವಳು ಒಬ್ಬಳೇ.

"ಮಿಸ್ ಡ್ರೀಮಾ," ಎಂದಳು, "ಏಳಿ."

ಅಂಗಳದೊಳಗೆ ಹೋದಾಗ ಅವಳಿಗೆ ಜನರ ಗದ್ದಲ ಕೇಳಿಸಲಿಲ್ಲ. ಬೆಳಕು ಜಾಸ್ತಿ ಅನ್ನಿಸಿತು. ಜನೇ ಹತ್ತಿರ ಬಂದು ಕಿವಿಯಲ್ಲಿ, "ಓಡಬೇಡಿ ಮ್ಯಾಮಾ. ನಾ ಹೇಳಿದ ಕಡೆ ಮರದ ಥರ ನಿಂತ್ಕೊಳ್ಳಿ ಸಾಕು" ಅಂದಳು. ಡ್ರೀಮಾ ನಿಂತಳು. ಜನೇಯನ್ನು ಬೆನ್ನಟ್ಟಿ ಬಂದ ಎದುರಾಳಿ ಹುಡುಗಿ ಈ ದೇಹಕ್ಕೆ ಬಂದು ಡಿಕ್ಕಿ ಹೊಡೆದು ನಿಂತುಹೋದಳು. ಅದೇ ಕ್ಷಣದಲ್ಲಿ ಜನೇ ಡ್ರೀಮಾಳ ಮೊಣಕೈಗೆ ತಾಗುವಷ್ಟು ಹತ್ತಿರದಿಂದ ಮೇಲಕ್ಕೆದ್ದಳು.

ಇಷ್ಟು ದಿನ ಡ್ರೀಮಾ ಅದನ್ನು ದೂರದಿಂದ ನೋಡಿದ್ದಳು. ಹತ್ತಿರದಿಂದ ಅದು ಬೇರೆಯೇ. ಗಾಳಿ ಸರಿದದ್ದು ಕೆನ್ನೆಗೆ ತಾಗಿತು. ಮೇಲಕ್ಕೆ ಹೋದ ಹುಡುಗಿ ಅಲ್ಲೇ ಒಂದು ಗಳಿಗೆ ನಿಂತಂತೆ, ಯೋಚಿಸಿದಂತೆ, ಎಡಗೈಯಿಂದ ಬಲಗೈಗೆ ಚೆಂಡು ಬದಲಿಸಿ ಮೆಲ್ಲಗೆ ಬಿಟ್ಟಳು. ಮುಖದಲ್ಲಿ ನಗುವೂ ಇರಲಿಲ್ಲ, ಸೆಟೆತವೂ ಇರಲಿಲ್ಲ. ಮಗು ನಿದ್ದೆಯಲ್ಲಿರುವಾಗ ಇರುವಂಥ ಮುಖ. ದೇವರು ಮನುಷ್ಯನ ಮೈಯನ್ನು ಯಾತಕ್ಕೆ ಮಾಡಿದ ಎನ್ನುವುದಕ್ಕೆ ಇದು ಉತ್ತರ ಇರಬಹುದು ಎಂದು ಡ್ರೀಮಾಗೆ ಅನ್ನಿಸಿತು. ಅವಳು ಕೆಳಗಿಳಿದಾಗ ಡ್ರೀಮಾ ಅಲ್ಲೇ ನಿಂತಿದ್ದಳು. ಆಟ ಅಂಗಳದ ಇನ್ನೊಂದು ತುದಿಗೆ ಹೋಗಿಯಾಗಿತ್ತು.

"ಬನ್ನಿ ಮ್ಯಾಮಾ!" ಎಂದು ಕೂಗಿ ಜನೇ ಓಡಿದಳು.

ಮುಂದಿನ ಸಲ ಚೆಂಡು ಡ್ರೀಮಾಳ ಕೈಗೇ ಬಂತು. ಎಸೆಯಲು ಕೈಯೆತ್ತಿದಳು, ಎದುರಾಳಿ ಹುಡುಗಿ ಹಾರಿ ಅವಳ ಮೇಲೆ ಬಿದ್ದಳು. ಇಬ್ಬರೂ ನೆಲಕ್ಕೆ. ಇಡೀ ಅಂಗಳ ಉಸಿರು ಹಿಡಿಯಿತು. ಆ ಹುಡುಗಿಯ ಮುಖ ಬಿಳಿಚಿಹೋಗಿತ್ತು, "ಅಯ್ಯೋ, ಏನಾದ್ರೂ ಮುರೀತಾ ಅಜ್ಜಿ?" ಎಂದು ಕೇಳಿದಳು. "ನನ್ನದೇನೂ ಮುರಿದಿಲ್ಲ ಮಗಳೇ, ನೀನು ಎದ್ದೇಳು" ಎಂದಳು ಡ್ರೀಮಾ. ಅವಳಿಗೆ ಯಾರೂ ಅಡ್ಡಬಾರದೆ ಎಸೆಯುವ ಎರಡು ಫ್ರೀ ಥ್ರೋ ಸಿಕ್ಕಿದವು. ಮೊದಲನೆಯದು ಬಲೆ ಕಟ್ಟಿದ ಕಬ್ಬಿಣದ ಬಳೆಗೂ ತಾಗದೆ ಕೆಳಗೆ ಬಿತ್ತು. ಯಾರೂ ನಗಲಿಲ್ಲ. ಎರಡನೆಯದು ಬಳೆಗೆ ಬಡಿದು, ಹಲಗೆಗೆ ಬಡಿದು, ಮತ್ತೆ ಬಳೆಯ ಮೇಲೆ ಕೂತು, ಒಳಗೆ ಬಿತ್ತು.

ಆಮೇಲೆ ಆದ ಸದ್ದನ್ನು ಊರಿನವರು ಈಗಲೂ ವರ್ಣಿಸುತ್ತಾರೆ. ಅಂಕಪಟ್ಟಿಯಲ್ಲಿ ಅವಳ ಹೆಸರಿನ ಮುಂದೆ ಒಂದು ಎಂದು ಬಂದದ್ದನ್ನು ಡ್ರೀಮಾ ಕತ್ತೆತ್ತಿ ನೋಡಿದಳು. ವಿಲೆಟ್ಟಾ ಅಳುತ್ತಿದ್ದಳು, ಜೊತೆಗೆ ಪಕ್ಕದಲ್ಲಿ ಕೂತ ಅಪರಿಚಿತನ ಪೆಪ್ಪರೋನಿ ರೋಲು ಎಂಬ ಮಾಂಸದ ಬನ್ನನ್ನೂ ತಿನ್ನುತ್ತಿದ್ದಳಂತೆ, ಅವಳಿಗೇ ಗೊತ್ತಿರಲಿಲ್ಲ. ತಂಡ ಆ ಆಟವನ್ನು ನಾಲ್ಕು ಅಂಕದಿಂದ ಸೋತಿತು.

ವಸಂತದಲ್ಲಿ ಜನೇಗೆ ದೊಡ್ಡ ವಿಶ್ವವಿದ್ಯಾಲಯವೊಂದರಿಂದ ಕರೆ ಬಂತು. ಓದಿನ ಖರ್ಚು, ಮೇಲೆ ಸಂಬಳದಂತೆ ಹಣ. ಕೋಚ್ ಬ್ರಾಕ್ಸ್ಟನ್ ಕಹಿಯಾಗಿ ನಕ್ಕಳು. ಬೆಳೆಸುವುದು ನಾವು, ಕುಯ್ಲು ಅವರದು ಎಂದಳು. ಅದು ಸುಳ್ಳಲ್ಲ. ಈ ಕಾನೂನಿನಿಂದ ಸಣ್ಣ ಕಾಲೇಜುಗಳು ಬರಿದಾಗುತ್ತವೆ ಎಂದು ಹೇಳುವವರೂ ನಮ್ಮಲ್ಲಿದ್ದಾರೆ. ಒಪ್ಪಿಗೆ ತಿಳಿಸಬೇಕಾದ ಹಿಂದಿನ ದಿನ ಜನೇ ಬಂದು ಡ್ರೀಮಾಳ ಅಡುಗೆಮನೆಯಲ್ಲಿ ಕೂತು, ಹೋಗಲೋ ಬೇಡವೋ ಹೇಳಿ ಎಂದು ಕೇಳಿದಳು.

"ನೀನು ಹೋದ್ರೆ ನಂಗೆ ಸಂಕಟ ಆಗುತ್ತೆ" ಎಂದಳು ಡ್ರೀಮಾ. "ಅದು ನನ್ನ ಪಾಡು. ನೀನು ಹೋಗು."

ಹುಡುಗಿ ಹೋದಳು. ಬೀಜಗಣಿತದಲ್ಲಿ ಡ್ರೀಮಾ ಕೂದಲೆಳೆಯ ಅಂತರದಲ್ಲಿ ಪಾಸಾದಳು. ಇನ್ನೊಂದು ಸೀಸನ್ ಆಡಲು ಹಕ್ಕಿತ್ತು, ಮಂಡಿ ಒಪ್ಪಲಿಲ್ಲ, ಅದಕ್ಕವಳು ದುಃಖಪಡಲಿಲ್ಲ. ತರಗತಿಗೆ ಹೋಗುವುದನ್ನು ಮಾತ್ರ ಬಿಡಲಿಲ್ಲ. ಈಗ ಯಾವ ಸಂಘಕ್ಕೂ ಅವಳ ಅಂಕ ಬೇಕಿರಲಿಲ್ಲ, ಅವಳಿಗೇ ಬೇಕಿತ್ತು.

ಆ ಶರತ್ಕಾಲದಲ್ಲಿ ಭೂವಿಜ್ಞಾನದ ಮೇಷ್ಟ್ರು ವಿದ್ಯಾರ್ಥಿಗಳನ್ನು ಹೆದ್ದಾರಿಗಾಗಿ ಬೆಟ್ಟ ಕಡಿದ ಜಾಗಕ್ಕೆ ಕರೆದುಕೊಂಡು ಹೋದರು. ಡ್ರೀಮಾ ಒಂದು ಬೂದುಬಣ್ಣದ ಚಪ್ಪಡಿಯನ್ನು ಸುತ್ತಿಗೆಯಿಂದ ಬಡಿದಳು. ಅದು ಪುಸ್ತಕದಂತೆ ಎರಡಾಗಿ ಬಿಚ್ಚಿತು. ಒಳಗೆ ಒಂದು ಜರಿಗಿಡದ ಎಲೆ. ನರನರವೂ ಕಾಣುತ್ತಿತ್ತು, ಈಗ ತಾನೇ ಯಾರೋ ಒತ್ತಿಟ್ಟ ಹಾಗೆ. ಆ ಎಲೆಗೆ ಬಿಸಿಲು ತಾಗಿ ಮೂವತ್ತು ಕೋಟಿ ವರ್ಷವಾಗಿತ್ತು. ಇವತ್ತು ಮತ್ತೆ ತಾಗಿತು. ಅವಳು ಅದರ ಮೇಲೆ ತನ್ನ ನೆರಳು ಬೀಳದಂತೆ ಪಕ್ಕಕ್ಕೆ ಸರಿದು ಕೂತು ಬಹಳ ಹೊತ್ತು ನೋಡಿದಳು. ಆಮೇಲೆ ಫೋನಿನಲ್ಲಿ ಚಿತ್ರ ತೆಗೆದು ಜನೇಗೆ ಕಳಿಸಿದಳು.

ಅಭ್ಯಾಸದ ನಡುವೆಯೇ ಇರಬೇಕು, ಉತ್ತರ ಕೂಡಲೇ ಬಂತು: "ಮ್ಯಾಮಾ, ಇದು ನಿಮಗಿಂತ ಹಳೇದಾ?"